ಅಘನಾಶಿನಿಯ ಮೇಲೆ ಗಾಳಿಪಟದ ಕ್ಯಾಮೆರಾ: ನನ್ನ ಅನುಭವ

"ಡ್ರೋನ್ ತಗೋಬಾರದಾ ಮಾರಾಯ, ಈ ದಾರದ ಉಸಾಬರಿ ಯಾಕೆ?" ಅಂತ ಕೇಳುವವರೇ ಜಾಸ್ತಿ. ಡ್ರೋನಿಗೆ ದುಡ್ಡು ಬೇಕು, ಬ್ಯಾಟರಿ ಸುಮಾರು ಅರ್ಧ ಗಂಟೆಯಷ್ಟೇ ಬರುತ್ತದೆ. ನಾನು ಕ್ಯಾಮೆರಾ ಕಟ್ಟಿ ಹಾರಿಸುವ ಗಾಳಿಪಟ ಗಾಳಿ ಇರುವಷ್ಟು ಹೊತ್ತು ಮೇಲೇ ಇರುತ್ತದೆ. ನನಗೆ ಬೇಕಾದದ್ದೂ ಅದೇ. ಒಂದೇ ಜಾಗದ ಫೋಟೋ, ಅದೇ ಎತ್ತರದಿಂದ, ವರ್ಷ ವರ್ಷ.

ಇದೇನು ಹೊಸ ವಿದ್ಯೆ ಅಲ್ಲ. 1749ರಲ್ಲೇ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ವಿಲ್ಸನ್ ಗಾಳಿಪಟಕ್ಕೆ ಥರ್ಮಾಮೀಟರ್ ಕಟ್ಟಿ ಮೇಲೆ ಕಳಿಸಿದ್ದರು. 1888ರಲ್ಲಿ ಫ್ರಾನ್ಸಿನ ಆರ್ಥರ್ ಬಟು ಕ್ಯಾಮೆರಾ ಕಟ್ಟಿದರು. ನಾನು ಅದನ್ನೇ ಕುಮಟಾದ ಕಡೆ ಮಾಡುತ್ತಿದ್ದೇನೆ, ಅಷ್ಟೇ.

ಕಾರವಾರದಲ್ಲಿ ಯಾಕಿಲ್ಲ ಅಂದರೆ, ಅರಗಾದಲ್ಲಿ ನೌಕಾನೆಲೆ ಇದೆ. ಅದರ ಹತ್ತಿರ ಕ್ಯಾಮೆರಾ ಹಾರಿಸುವ ಯೋಚನೆಯೇ ಬೇಡ. ಗಾಳಿಪಟಕ್ಕೆ ಯಾರು ಕೇಳುತ್ತಾರೆ ಅನ್ನಬೇಡಿ, 1934ರ ವಿಮಾನ ಕಾಯ್ದೆಯಲ್ಲಿ ಗಾಳಿಪಟವೂ ವಿಮಾನದ ಲೆಕ್ಕದಲ್ಲೇ ಇತ್ತು! ಅದಕ್ಕೇ ನಾನು ಹೋಗುವುದು ಅಘನಾಶಿನಿ ಅಳಿವೆಗೆ. 2024ರಲ್ಲಿ ಇದು ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್ ಪಟ್ಟಿಗೆ ಸೇರಿತು. ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಳಚು ಅನ್ನುವ ಚಿಪ್ಪುಜೀವಿ ಹೆಕ್ಕುವ ಕೆಸರು, ಉಪ್ಪುನೀರು ತಡೆಯುವ ಕಗ್ಗ ಭತ್ತದ ತಗ್ಗುಗದ್ದೆ ಅಂದರೆ ಗಜನಿ, ಎಲ್ಲಾ ಒಂದೇ ಕಡೆ ಸಿಗುತ್ತದೆ. ಅಲ್ಲೂ ಊರಿನವರಿಗೆ ಮೊದಲೇ ಹೇಳಿಯೇ ಹಾರಿಸುವುದು.

ನನ್ನ ಪಟ ಎರಡೂವರೆ ಮೀಟರ್ ಅಗಲದ ಡೆಲ್ಟಾ, ಅಂದರೆ ತ್ರಿಕೋನದ ಪಟ. ಗಾಳಿ ಜೋರಿದ್ದರೆ ಜಪಾನಿನ ಆರು ಮೂಲೆಯ ರೊಕ್ಕಾಕು. ಅದರ ಕಡ್ಡಿ ನಾನೇ ಬಿದಿರಿನಲ್ಲಿ ಮಾಡಿದ್ದು. ದಾರ ಹೆಣೆದ ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್), ನೂರು ಕಿಲೋ ಎಳೆತ ತಡೆಯುವಂಥದ್ದು. ಗಾಜಿನ ಪುಡಿ ಸವರಿದ ಮಾಂಜಾ, ನೈಲಾನ್ ಎರಡನ್ನೂ ಮುಟ್ಟುವುದಿಲ್ಲ. ಅಳಿವೆ ತುಂಬಾ ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು ಸುತ್ತುತ್ತಿರುತ್ತವೆ. ಅವುಗಳ ರೆಕ್ಕೆ ಕುಯ್ಯುವ ದಾರ ಕಟ್ಟಿಕೊಂಡು ಪರಿಸರದ ಕೆಲಸ ಅಂದರೆ ನಾಚಿಕೆಗೇಡು, ಅಲ್ವಾ? ಕೈಗೆ ಚರ್ಮದ ಗ್ಲೌಸ್ ಬೇಕೇ ಬೇಕು. ಓಡುವ ದಾರ ಅಂಗೈ ಸುಡುತ್ತದೆ.

ಕ್ಯಾಮೆರಾವನ್ನು ಪಟಕ್ಕೇ ಕಟ್ಟಬಾರದು. ಪಟದಿಂದ ಸುಮಾರು ಮೂವತ್ತು ಮೀಟರ್ ಕೆಳಗೆ ದಾರಕ್ಕೆ ಕಟ್ಟಬೇಕು. ಮರದ ಎರಡು ಪಟ್ಟಿಗಳನ್ನು ಅಡ್ಡಡ್ಡ ಜೋಡಿಸಿ, ನಾಲ್ಕು ತುದಿಗೂ ಸಣ್ಣ ದಾರ ಪೋಣಿಸಿ ಮೇಲಿನ ದಾರದ ಎರಡು ಕಡೆಗೆ ತೂಗುಬಿಟ್ಟರೆ, ಪಟ ಎಷ್ಟೇ ಓಲಾಡಿದರೂ ಈ ಅಡ್ಡಪಟ್ಟಿ ಹೆಚ್ಚು ಕಡಿಮೆ ನೆಲಕ್ಕೆ ಸಮವಾಗಿಯೇ ನಿಲ್ಲುತ್ತದೆ. ಪಿಕಾವೆ ಅನ್ನುತ್ತಾರೆ ಇದಕ್ಕೆ, ಹಳೇ ಫ್ರೆಂಚ್ ಉಪಾಯ. ಕ್ಯಾಮೆರಾಕ್ಕೆ ಐದು ಸೆಕೆಂಡಿಗೊಂದು ಫೋಟೋ ಅಂತ ಹೇಳಿಟ್ಟು ಮೇಲೆ ಬಿಟ್ಟರೆ ಅದರ ಪಾಡಿಗೆ ಅದು ತೆಗೆಯುತ್ತಿರುತ್ತದೆ. ಎತ್ತರದ ಲೆಕ್ಕವೂ ಸುಲಭ. ನೂರು ಮೀಟರ್ ದಾರ, 45 ಡಿಗ್ರಿ ಕೋನ, ಅಂದರೆ ಪಟ ಸುಮಾರು ಎಪ್ಪತ್ತು ಮೀಟರ್ ಮೇಲೆ. ದಾರ ಜೋಲುವುದರಿಂದ ಸ್ವಲ್ಪ ಕಮ್ಮಿಯೇ ಹಿಡಿಯಿರಿ. ಕೋನ ಅಳೆಯಲು ಫೋನ್ ಸಾಕು.

ನಿಜವಾದ ಕಷ್ಟ ಗಾಳಿ ಮತ್ತು ನೀರಿನ ಹೊತ್ತು ಕೂಡಿಸುವುದು. ಬೆಳಿಗ್ಗೆ ಮೂಡುಗಾಳಿ, ಅದಕ್ಕೆ ಪಟ ಸಮುದ್ರದ ಕಡೆ ಹೋಗುತ್ತದೆ. ನೆಲ ಕಾದ ಮೇಲೆ, ಹನ್ನೊಂದು ಹನ್ನೆರಡರ ಹೊತ್ತಿಗೆ ಪಡುಗಾಳಿ ಶುರು. ಮಧ್ಯಾಹ್ನ ಮೂರರ ಸುಮಾರಿಗೆ ಅದು ಹದವಾಗಿರುತ್ತದೆ. ಅಳಿವೆಯ ಪಶ್ಚಿಮದ ಕಟ್ಟೆಯ ಮೇಲೆ ನಿಂತರೆ ಪಟ ತಾನಾಗಿ ಕಾಂಡ್ಲಾದ ಮೇಲೆ ಹೋಗಿ ನಿಲ್ಲುತ್ತದೆ. ಪೂರ್ವದಲ್ಲಿ ನಿಂತರೆ ಊರು, ತೆಂಗು, ಕರೆಂಟು ತಂತಿ. ನೀರಿನ ಉಬ್ಬರ ಇಳಿತವೋ, ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಕೆಸರು ಕಾಣಬೇಕಾದರೆ ಇಳಿತ ಬೇಕು, ಪಟಕ್ಕೆ ಪಡುಗಾಳಿ ಬೇಕು, ಕ್ಯಾಮೆರಾಕ್ಕೆ ಬಿಸಿಲು ಬೇಕು. ಮೂರೂ ಕೂಡುವ ದಿನಗಳು ಹದಿನೈದು ದಿನಕ್ಕೆ ಕೆಲವೇ. ಹಾಗಾಗಿ ಉಬ್ಬರ ಇಳಿತದ ಪಟ್ಟಿ ನೋಡದೆ ಸುಮ್ನೆ ಹೊರಡುವುದಿಲ್ಲ. ನೀರಿನ ಮೇಲೆ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಗಾಳಿ ಸಾಕು. ಎಲ್ಲಾ ಕಡೆ ನೊರೆ ಎದ್ದರೆ ಕ್ಯಾಮೆರಾ ಚೀಲದಲ್ಲೇ ಇರಲಿ. ಮಳೆಗಾಲದಲ್ಲಿ ನಾನು ಪಟ ಹೊರಗೆ ತೆಗೆಯುವುದೇ ಇಲ್ಲ.

ಹಾರಿಸುವ ಮೊದಲು ಬಿಳಿ ಗೊಬ್ಬರದ ಚೀಲ ಕತ್ತರಿಸಿ ನಾಲ್ಕು ಕಡೆ ಹಾಸಿ, ಮೇಲೆ ಕಲ್ಲು ಹೇರಿ, ಜಿಪಿಎಸ್ ಗುರುತು ಬರೆದುಕೊಳ್ಳುತ್ತೇನೆ. ಮನೆಗೆ ಬಂದು ಫೋಟೋಗಳನ್ನು ನಕ್ಷೆ ಮಾಡುವ ತಂತ್ರಾಂಶ ಕ್ಯೂಜಿಐಎಸ್‌ನಲ್ಲಿ ಈ ಗುರುತಿಗೆ ಕೂರಿಸಿದರೆ ನಕ್ಷೆ ಆಯಿತು. ಇದು ಬೇಸರದ ಕೆಲಸ. ಹಾಡು ಹಾಕಿಕೊಂಡು ಮಾಡಬೇಕು.

ಆದರೆ ಫಲ ಇದೆ. ಕಾಂಡ್ಲಾದಲ್ಲಿ ರೈಜೋಫೋರಾ ಜಾತಿ ಮೇಲಿನಿಂದ ಕಡು ಹಸಿರು, ಅವಿಸೀನಿಯಾ ಜಾತಿ ಬೂದಿ ಬಣ್ಣ. ಕೆಳಗೆ ನಿಂತರೆ ಎಲ್ಲಾ ಒಂದೇ ಪೊದೆ, ಮೇಲಿನಿಂದ ಗಡಿ ಎಳೆದಷ್ಟು ಸ್ಪಷ್ಟ. ಅವಿಸೀನಿಯಾ ಬುಡದ ಸುತ್ತ ಕೆಸರಿನಿಂದ ಮೇಲೆದ್ದ ಪೆನ್ಸಿಲ್ ಬೇರುಗಳು ಇಳಿತದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತವೆ. ಅವು ಎಲ್ಲಿಯವರೆಗೆ ಹಬ್ಬಿವೆ ಅಂತ ವರ್ಷ ವರ್ಷ ಗೆರೆ ಹಾಕಬಹುದು. ಮಾಣಿಕಟ್ಟಾ ಕಡೆಯ ಒಂದು ಗಜನಿಯ ಫೋಟೋ ಪ್ರಿಂಟ್ ಹಾಕಿ ಅಲ್ಲಿನ ರೈತರಿಗೆ ಕೊಟ್ಟೆ. ನಾನು ಕಾಂಡ್ಲಾ ತೋರಿಸುತ್ತಿದ್ದರೆ ಅವರು ಕಟ್ಟೆಯ ಒಳಗೆ ಕಪ್ಪಗೆ ಕಂಡ ಒಂದು ಪಟ್ಟಿಯ ಮೇಲೆ ಬೆರಳಿಟ್ಟು, "ಇಲ್ಲಿ ಉಪ್ಪುನೀರು ಜಿನುಗುತ್ತಿದೆ" ಅಂದರು. ನನಗದು ನೆರಳು ಅನಿಸಿತ್ತು. ಅಲ್ಲಿಂದ ಮುಂದೆ ಕಟ್ಟೆಯನ್ನೂ ಬಿಡದೆ ತೆಗೆಯುತ್ತೇನೆ.

ಪಟದಿಂದ ಕರೆಂಟು ಬರುತ್ತಾ ಅಂತಲೂ ಕೇಳುತ್ತಾರೆ. ಬರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು, ಎತ್ತರದಲ್ಲಿ ಗಾಳಿಯೂ ಜಾಸ್ತಿ. ಆದರೂ ಗೂಗಲ್ಲಿನ ಮಾತೃಸಂಸ್ಥೆ ಆಲ್ಫಾಬೆಟ್ ಮಕಾನಿ ಅನ್ನುವ ಇಂಥ ಯೋಜನೆಯನ್ನು 2020ರಲ್ಲಿ ಕೈಬಿಟ್ಟಿತು. ನಮ್ಮ ಪಡುಗಾಳಿ ಅರ್ಧ ದಿನದ ಗಿರಾಕಿ. ಗಾಳಿ ಕರೆಂಟಿಗೆ ಚಿತ್ರದುರ್ಗ, ಗದಗವೇ ಸರಿ ಅಂತ ನನ್ನ ಲೆಕ್ಕ. ಮಜಾ ಬೇಕಾದರೆ ಬೇರೆ ಮಾತು. ಪಟ ಹಿಡಿದು ಅಲೆಯ ಮೇಲೆ ಜಾರುವ ಕೈಟ್ ಸರ್ಫಿಂಗ್ ಕಲಿಯಲು ರಾಮೇಶ್ವರಕ್ಕೆ ಹೋಗಿ.

ಶುರು ಮಾಡುವವರು ಮೊದಲು ಕ್ಯಾಮೆರಾದಷ್ಟೇ ತೂಕದ ನೀರಿನ ಬಾಟಲಿ ಕಟ್ಟಿ ಹಾರಿಸಿ. ಗಾಳಿ ಸತ್ತಾಗ ಅದು ಕೆಸರಿಗೆ ಬಿದ್ದರೆ ನಷ್ಟವಿಲ್ಲ. ಇಳಿಸುವಾಗ ದಾರವನ್ನು ಕೈಯಿಂದ ಎಳೆಯುತ್ತಾ ನಿಲ್ಲಬೇಡಿ. ದಾರದ ಉರುಳೆಯನ್ನು ಗೂಟಕ್ಕೆ ಕಟ್ಟಿ, ಜೊತೆಗಾರರೊಬ್ಬರು ದಾರವನ್ನು ಕಂಕುಳಲ್ಲಿ ಒತ್ತಿಕೊಂಡು ಪಟದ ಕಡೆ ನಡೆಯಲಿ. ಕ್ಯಾಮೆರಾ ತಾನೇ ಕೈಗೆ ಬರುತ್ತದೆ.