ಟ್ಯಾಂಕ್ ತುಂಬಿದ ತಕ್ಷಣ ಕೂಗೋ ಅಲಾರಂ, ಮನೇಲೇ ಮಾಡ್ಕೊಳ್ಳಿ

ಮೋಟರ್ ಆನ್ ಮಾಡಿ ಬೇರೆ ಕೆಲಸಕ್ಕೆ ಹೋಗ್ಬಿಟ್ರೆ ಮೇಲಿಂದ ನೀರು ಸುರಿಯೋ ಸದ್ದು ಕೇಳೋ ತನಕ ಯಾರಿಗೂ ನೆನಪಿರಲ್ಲ, ಬೋರ್‌ವೆಲ್ ನೀರು ಹಾಗೆ ಚರಂಡಿಗೆ ಹೋಗೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಎಲೆಕ್ಟ್ರಾನಿಕ್ಸ್ ಶುರು ಮಾಡ್ಬೇಕು ಅನ್ನೋರಿಗೆ ನಾನು ಹೇಳೋ ಮೊದಲ ಕಿಟ್ ಇದೇ, ಯಾಕಂದ್ರೆ ಎಲ್‌ಇಡಿ ಮಿಣುಕಿಸೋ ಕಿಟ್ ಒಂದು ವಾರ ಆಟ ಆಡಿ ಡಬ್ಬಿಗೆ ಸೇರತ್ತೆ, ಇದು ಹಾಗಲ್ಲ, ದಿನಾ ಕೆಲಸಕ್ಕೆ ಬರತ್ತೆ.

ಬೇಕಾಗೋದು ಸ್ವಲ್ಪಾನೇ. ಬಿಸಿ 547 ಟ್ರಾನ್ಸಿಸ್ಟರ್ ಒಂದು (ಎರಡು ತಗೊಂಡಿರಿ, ಕೆಲವೇ ರೂಪಾಯಿ), 1 ಕೆ (ಅಂದ್ರೆ ಸಾವಿರ ಓಮ್) ರೆಸಿಸ್ಟರ್, ಅಂದ್ರೆ ಕರೆಂಟಿಗೆ ತಡೆ ಒಡ್ಡೋ ಪಾರ್ಟು, ಎರಡು, 100 ಕೆ ಒಂದು, ಒಂದು ಎಲ್‌ಇಡಿ, 9 ವೋಲ್ಟ್ ಬ್ಯಾಟರಿ ಮತ್ತೆ ಅದರ ಕ್ಲಿಪ್, ಪೀಜೋ ಬಜರ್, ಚಿಕ್ಕ ಬ್ರೆಡ್‌ಬೋರ್ಡ್ (ಸೋಲ್ಡರ್ ಇಲ್ದೆ ಪಾರ್ಟು ಚುಚ್ಚಿ ಜೋಡಿಸೋ ತೂತಿನ ಹಲಗೆ). ಬಜರ್ ಕೇಳುವಾಗ "ಬ್ಯಾಟರಿ ಕೊಟ್ರೆ ತಾನೇ ಕೂಗೋದು ಕೊಡಿ" ಅನ್ನಿ, ಬರೀ ಪೀಜೋ ಬಿಲ್ಲೆ ಕೊಟ್ರೆ ಅದು ಕೂಗಲ್ಲ. ಬೆಂಗಳೂರಿನವರಾದ್ರೆ ಎಸ್‌ಪಿ ರೋಡ್ ಇದೆ, ಬೇರೆ ಊರಲ್ಲಿ ಟಿವಿ ರಿಪೇರಿ ಅಂಗಡೀಲಿ ಕೇಳಿ ನೋಡಿ, ಇಲ್ಲಾಂದ್ರೆ ಆನ್‌ಲೈನ್.

ಇದು ಕೆಲಸ ಮಾಡೋದು ಹೇಗೆ ಅಂತ ಮೊದಲು ತಿಳ್ಕೊಳ್ಳಿ, ಆಮೇಲೆ ಎಲ್ಲಾ ಸುಲಭ. ನಮ್ಮ ನೀರಲ್ಲಿ ಲವಣ ಇರೋದ್ರಿಂದ ಸ್ವಲ್ಪ ಕರೆಂಟ್ ಹರಿಯತ್ತೆ. ಎರಡು ತಂತಿ ಮಧ್ಯೆ ನೀರಿನ ರೆಸಿಸ್ಟೆನ್ಸ್ 50 ಕೆ ಅಂತಿಟ್ಕೊಳ್ಳಿ, 9 ವೋಲ್ಟಿಗೆ ಹರಿಯೋದು ಹತ್ತಿರತ್ತಿರ 0.16 ಮಿಲಿಆಂಪ್, ಬಜರ್‌ಗೆ ಬೇಕಾಗೋದು ಸುಮಾರು 10-15 ಮಿಲಿಆಂಪ್. ಅದಕ್ಕೇ ಟ್ರಾನ್ಸಿಸ್ಟರ್. ಅದಕ್ಕೆ ಮೂರು ಕಾಲು, ಬೇಸ್, ಕಲೆಕ್ಟರ್, ಎಮಿಟರ್. ಬೇಸ್‌ಗೆ ಹೋಗೋ ಆ ಚೂರು ಕರೆಂಟಿಗೆ ಕಲೆಕ್ಟರ್‌ನಲ್ಲಿ ನೂರು ಪಟ್ಟಿಗಿಂತ ಜಾಸ್ತಿ ಹರಿಯೋಕೆ ಬಿಡತ್ತೆ, ಬಜರ್ ಕೂಗತ್ತೆ.

ಈಗ ಜೋಡಿಸೋದು. ಬಿಸಿ 547ರ ಚಪ್ಪಟೆ ಮುಖ ನಿಮ್ಮ ಕಡೆಗಿಟ್ಟು ಕಾಲು ಕೆಳಗೆ ಮಾಡಿದ್ರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಎಮಿಟರ್ ಬ್ಯಾಟರಿ ಮೈನಸ್‌ಗೆ. ಬಜರ್ ಪ್ಲಸ್ ಬ್ಯಾಟರಿ ಪ್ಲಸ್‌ಗೆ, ಬಜರ್ ಮೈನಸ್ ಕಲೆಕ್ಟರ್‌ಗೆ. ಎಲ್‌ಇಡಿ ಜೊತೆ 1 ಕೆ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಹಾಕಿ, ಬಜರ್‌ಗೆ ಪ್ಯಾರಲಲ್ ಆಗಿ, ಅಂದ್ರೆ ಬಜರಿನ ಎರಡೂ ತುದಿಗೆ ಅಡ್ಡಲಾಗಿ ಕೊಡಿ, ಎಲ್‌ಇಡಿಯ ಉದ್ದದ ಕಾಲು ಪ್ಲಸ್ ಕಡೆ. ಇನ್ನೊಂದು 1 ಕೆ ಬೇಸ್‌ಗೆ, ಅದರ ಇನ್ನೊಂದು ತುದಿಯಿಂದ ನೀರಿಗೆ ಹೋಗೋ ಮೊದಲನೇ ತಂತಿ. ಎರಡನೇ ತಂತಿ ಸೀದಾ ಬ್ಯಾಟರಿ ಪ್ಲಸ್‌ನಿಂದ. ಈ 1 ಕೆ ಬಿಡಬೇಡಿ, ತಂತಿ ಎರಡೂ ಒಂದಕ್ಕೊಂದು ತಾಗಿದ್ರೆ ಟ್ರಾನ್ಸಿಸ್ಟರ್ ಉಳಿಸೋದು ಅದೇ. 100 ಕೆ ಬೇಸ್ ಮತ್ತೆ ಎಮಿಟರ್ ಮಧ್ಯೆ, ಅದಿದ್ರೆ ಸುಮ್ಮಸುಮ್ಮನೆ ಕೂಗಲ್ಲ. ರೆಸಿಸ್ಟರ್ ಮೇಲಿರೋ ಪಟ್ಟೆಗಳ ಬಣ್ಣ ನೋಡಿ ಹಾಕಿ, 1 ಕೆ ಅಂದ್ರೆ ಕಂದು ಕಪ್ಪು ಕೆಂಪು, 100 ಕೆ ಅಂದ್ರೆ ಕಂದು ಕಪ್ಪು ಹಳದಿ.

ಒಂದು ಲೋಟ ನಲ್ಲಿ ನೀರಲ್ಲಿ ಎರಡೂ ತಂತಿ ಅದ್ದಿ. ಕೂಗಿಲ್ವಾ, ಮಲ್ಟಿಮೀಟರ್ ತಗೊಳ್ಳಿ, ತಂತಿ ನೀರಲ್ಲೇ ಇರಲಿ, ಬೇಸ್‌ಗೂ ಎಮಿಟರ್‌ಗೂ ಮಧ್ಯೆ 0.6-0.7 ವೋಲ್ಟ್ ಬರ್ಬೇಕು. ಅದು ಬಂದೂ ಕಲೆಕ್ಟರ್ 9 ವೋಲ್ಟಲ್ಲೇ ನಿಂತಿದ್ರೆ ಟ್ರಾನ್ಸಿಸ್ಟರ್ ಉಲ್ಟಾ ಆಗಿದೆ ಇಲ್ಲಾ ಹೋಗಿದೆ. ಅಂಗಡಿಯವರು ಅದೇ ಥರದ್ದು ಅಂತ 2222 ನಂಬರಿನ ಟ್ರಾನ್ಸಿಸ್ಟರ್ ಕೊಟ್ಟಿದ್ರೆ ಅದರ ಕಾಲುಗಳು ಸಾಮಾನ್ಯವಾಗಿ ಎಮಿಟರ್, ಬೇಸ್, ಕಲೆಕ್ಟರ್ ಅಂತ ಉಲ್ಟಾ ಇರತ್ತೆ, ನೋಡ್ಕೊಳ್ಳಿ.

ಲೋಟದಲ್ಲಿ ಕೂಗಿದ ಮೇಲೇನೇ ಸೋಲ್ಡರಿಂಗ್. ಡಾಟ್ ಬೋರ್ಡ್ (ತಾಮ್ರದ ಚುಕ್ಕಿ ಇರೋ ತೂತಿನ ಬೋರ್ಡ್) ಒಂದು ತುಂಡು, 25 ವ್ಯಾಟ್ ಐರನ್ ಸಾಕು. ಐರನ್ ತುದಿ ಬೋರ್ಡಿನ ತಾಮ್ರ ಮತ್ತೆ ಪಾರ್ಟಿನ ಕಾಲು ಎರಡಕ್ಕೂ ಒಟ್ಟಿಗೆ ತಾಗಬೇಕು, ಎರಡು ಸೆಕೆಂಡ್ ಕಾಯಿಸಿ, ಸೋಲ್ಡರ್ ತಂತಿ ಅಲ್ಲಿಗೆ ಕೊಡಿ, ಐರನ್ ತುದಿಗಲ್ಲ. ಕಾಲಿನ ಸುತ್ತ ಹರಡಿ ಹೊಳೀತಾ ಕೂತ್ರೆ ಸರಿ, ಗುಂಡಗೆ ಉಂಡೆ ಕಟ್ಟಿದ್ರೆ ಅದು ಡ್ರೈ ಸೋಲ್ಡರ್ (ಸರಿಯಾಗಿ ಅಂಟದ ಜೋಡಣೆ), ಮತ್ತೆ ಕಾಯಿಸಿ. ಕಿಟಕಿ ತೆಗೆದಿಟ್ಕೊಳ್ಳಿ, ಮುಗಿದ ಮೇಲೆ ಕೈ ಸೋಪಲ್ಲಿ ತೊಳೀಲೇಬೇಕು, ಸೋಲ್ಡರ್‌ನಲ್ಲಿ ಸಾಮಾನ್ಯವಾಗಿ ಲೆಡ್ (ಸೀಸ) ಇರತ್ತೆ.

ಸರ್ಕ್ಯೂಟ್ ಇಷ್ಟೇ. ನಿಜವಾದ ಕೆಲಸ ಇರೋದು ಟ್ಯಾಂಕ್ ಹತ್ರ, ತುಂಬಾ ಜನರ ಅಲಾರಂ ನಿಂತುಹೋಗೋದೂ ಅಲ್ಲೇ. ಬರೀ ತಾಮ್ರದ ತಂತಿ ನೀರಿಗೆ ಇಳಿಬಿಟ್ರೆ ಡಿಸಿ ಕರೆಂಟ್ (ಒಂದೇ ದಿಕ್ಕಿಗೆ ಹೋಗೋ ಬ್ಯಾಟರಿ ಕರೆಂಟ್) ಹರಿದು ಪ್ಲಸ್ ಕಡೆಯ ತಂತಿ ಸವೀತಾ ಹೋಗತ್ತೆ, ಹಸಿರು ಕಟ್ಟತ್ತೆ, ಅದೇ ನೀರು ನಾವು ಬಳಸೋದು ಬೇರೆ. ಹಾಗಾಗಿ ಹಾರ್ಡ್‌ವೇರ್ ಅಂಗಡಿಯಿಂದ ಎರಡು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ನಟ್ಟು ತನ್ನಿ, ಒಂದು ಪ್ಲಾಸ್ಟಿಕ್ ಪಟ್ಟಿಗೆ ಎರಡು ಇಂಚು ಅಂತರದಲ್ಲಿ ತೂತು ಮಾಡಿ ಹಾಕಿ, ತಂತಿಯನ್ನ ಮೇಲ್ಗಡೆ ನಟ್ಟಿನ ಕೆಳಗೆ ಬಿಗಿ ಮಾಡಿ, ನೀರಿಗೆ ತಾಗೋದು ಬೋಲ್ಟ್ ಮಾತ್ರ ಆಗಿರ್ಲಿ. ಓವರ್‌ಫ್ಲೋ ಪೈಪಿಗಿಂತ ಮೂರ್ನಾಲ್ಕು ಇಂಚು ಕೆಳಗೆ ಬರೋ ಹಾಗೆ ಪಟ್ಟಿ ಕಟ್ಟಿ. ಮೋಟರ್ ನಿಂತು ಒಂದಷ್ಟು ನೀರು ಬಳಸಿದ ಮೇಲೆ ಬೋಲ್ಟ್ ನೀರಿಂದ ಹೊರಗೆ ಬರತ್ತೆ, ಆದ್ರೆ ಅಲ್ಲಿವರೆಗೂ ಕೂಗ್ತಾನೇ ಇರತ್ತೆ, ಅದಕ್ಕೆ ಬ್ಯಾಟರಿ ತಂತಿಗೆ ಒಂದು ಸ್ವಿಚ್ ಹಾಕ್ಕೊಳ್ಳಿ, ಮೋಟರ್ ಹಾಕುವಾಗ ಇದನ್ನೂ ಆನ್ ಮಾಡೋ ಅಭ್ಯಾಸ ಆಗ್ಬೇಕು.

ಮೇಲಿಂದ ಮನೆಯೊಳಗೆ ತರೋಕೆ ಹಳೇ ಟೆಲಿಫೋನ್ ವೈರ್ ಅಥವಾ ಲ್ಯಾನ್ ಕೇಬಲ್ ಚೆನ್ನಾಗಿದೆ. ಮೋಟರ್ ವೈರ್ ಹೋಗಿರೋ ಪೈಪಲ್ಲೇ ಇದನ್ನೂ ತೂರಿಸಬೇಡಿ, ಅಲ್ಲಿ ಹರಿಯೋದು 230 ವೋಲ್ಟ್. ಬ್ಯಾಟರಿ ಬದಲು ಅಡಾಪ್ಟರ್ ಹಾಕೋಣ ಅಂತಾನೂ ಅನ್ಸತ್ತೆ, ಬೇಡ, ಅಗ್ಗದ ಅಡಾಪ್ಟರ್ ಕೆಟ್ರೆ ಮೇನ್ಸ್ ಸೀದಾ ಟ್ಯಾಂಕ್ ನೀರಿಗೇ ಬರಬಹುದು.

ಮಳೆಗಾಲದಲ್ಲಿ ಪಟ್ಟಿ ಮೇಲೆ ಪಸೆ ಕಟ್ಟಿ ಟ್ಯಾಂಕ್ ಅರ್ಧ ಇರುವಾಗ್ಲೇ ಕೂಗೋಕೆ ಶುರು ಮಾಡಿದ್ರೆ 100 ಕೆ ತೆಗೆದು 10 ಕೆ ಹಾಕಿ, ಕಂದು ಕಪ್ಪು ಕಿತ್ತಳೆ. ಮಳೆನೀರು ಮಾತ್ರ ಶೇಖರಿಸೋ ಟ್ಯಾಂಕ್ ಆದ್ರೆ ತೊಂದರೆ ಉಲ್ಟಾ, ಅದರಲ್ಲಿ ಲವಣ ಕಮ್ಮಿ, ಸದ್ದು ಸಣ್ಣಗೆ ಬರಬಹುದು, ಆಗ 100 ಕೆ ಹಾಗೇ ಬಿಟ್ಟು ಬೋಲ್ಟ್‌ಗಳನ್ನ ಒಂದು ಇಂಚಿಗೆ ಹತ್ತಿರ ತನ್ನಿ.