ಹುಬ್ಬಳ್ಳಿಯಿಂದ ಬಜ್ಪೆಗೆ ಎಷ್ಟು ದೂರ, ಎಷ್ಟು ಹೊತ್ತು? ಲೆಕ್ಕ ನೀವೇ ಹಾಕಿ

ತಂಗಿಯನ್ನು ಮಂಗಳೂರಿಗೆ ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಈ ಪ್ರಶ್ನೆ ಮುಗಿದದ್ದೇ ಇಲ್ಲ. ಹುಬ್ಬಳ್ಳಿಯಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಆಮೇಲೆ ಕರಾವಳಿ ಹಿಡಿದು ಕುಂದಾಪುರ, ಉಡುಪಿ ಅಂತ ಹೋದರೆ 350 ಕಿ.ಮೀ.ಗೂ ಜಾಸ್ತಿ. ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಗೆ ವಿಮಾನದಲ್ಲಿ ಹೋದರೆ?

ಮೊದಲು ಫೋನಿನ ಮ್ಯಾಪ್‌ನಲ್ಲಿ ರನ್‌ವೇ ಮೇಲೆ ಬೆರಳು ಒತ್ತಿ ಹಿಡಿದು ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಹುಬ್ಬಳ್ಳಿ 15.36 ಮತ್ತು 75.08. ಬಜ್ಪೆ 12.96 ಮತ್ತು 74.89. ಅಕ್ಷಾಂಶದ ಒಂದು ಡಿಗ್ರಿ ಅಂದರೆ ಸುಮಾರು 111 ಕಿ.ಮೀ. ಇಲ್ಲಿ ವ್ಯತ್ಯಾಸ 2.40, ಗುಣಿಸಿದರೆ 266. ರೇಖಾಂಶದ ಡಿಗ್ರಿ ಧ್ರುವದ ಕಡೆ ಹೋದಂತೆ ಚಿಕ್ಕದಾಗುತ್ತದೆ, ನಮ್ಮ ಕಡೆ 108 ಕಿ.ಮೀ. ಹಿಡಿಯಿರಿ. ವ್ಯತ್ಯಾಸ 0.19, ಅಂದರೆ ಬರೀ 20 ಕಿ.ಮೀ. ಶಾಲೆಯ ಪೈಥಾಗೊರಸ್ ನೆನಪಿದೆ ಅಲ್ವಾ? ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 267 ಕಿ.ಮೀ. ದುಬೈ, ಲಂಡನ್‌ಗೆ ಈ ಅಡ್ಡದಾರಿ ನಡೆಯಲ್ಲ, ಅಲ್ಲಿ ಭೂಮಿಯ ಬಾಗು ಲೆಕ್ಕಕ್ಕೆ ಬರುತ್ತದೆ.

ಇನ್ನು ಹೊತ್ತು. ಇಂಥ ಚಿಕ್ಕ ದಾರಿಗೆ ಹಾಕುವ ಎಟಿಆರ್ 72, ಅದೇ ಎರಡು ಫ್ಯಾನಿನ ವಿಮಾನ, ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಭಾಗಿಸಿದರೆ 32 ನಿಮಿಷ. ಆದರೆ ಟಿಕೆಟ್‌ನಲ್ಲಿ ತಾಸಿನ ಹತ್ತಿರ ಇರುತ್ತದೆ. ಸುಮ್ನೆ ಬರೆದದ್ದಲ್ಲ ಅದು. ಟಿಕೆಟ್ಟಿನ ಸಮಯ ವಿಮಾನ ನಿಂತ ಜಾಗ ಬಿಟ್ಟಾಗ ಶುರುವಾಗಿ ಆ ಕಡೆ ಪೂರ್ತಿ ನಿಂತಾಗ ಮುಗಿಯುತ್ತದೆ, ನಡುವೆ ರನ್‌ವೇ ತನಕ ಉರುಳಬೇಕು, ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ, ಮೇಲಾಗಿ ತಿರುಗಬೇಕು. ಹುಬ್ಬಳ್ಳಿಯ ರನ್‌ವೇ 08/26, ಮಂಗಳೂರಿನದು 06/24. ಈ ಅಂಕಿಗಳ ಮುಂದೆ ಸೊನ್ನೆ ಹಾಕಿದರೆ ದಿಕ್ಕಿನ ಡಿಗ್ರಿ ಸಿಗುತ್ತದೆ. ಎರಡೂ ಹೆಚ್ಚುಕಮ್ಮಿ ಪೂರ್ವ ಪಶ್ಚಿಮ, ನಾವು ಹೊರಟದ್ದು ದಕ್ಷಿಣಕ್ಕೆ! ಹಾಗಾಗಿ ಭಾಗಿಸಿ ಬಂದದ್ದಕ್ಕೆ 25ರಿಂದ 30 ನಿಮಿಷ ಸೇರಿಸಿ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲೆ ಮೋಡ ಕೂತರೆ ಆಕಾಶದಲ್ಲೇ ಸುತ್ತು ಹೊಡೆಯಬೇಕಾಗಬಹುದು, ಆ ದಿನಗಳಲ್ಲಿ ಮದುವೆ ಮುಹೂರ್ತದ ಬೆಳಿಗ್ಗೆಗೆ ಟಿಕೆಟ್ ಮಾಡಬೇಡಿ.

ಇಷ್ಟೇ ಅಲ್ಲ. ಕೌಂಟರ್ ಸಾಮಾನ್ಯವಾಗಿ ಒಂದು ತಾಸು ಮೊದಲೇ ಮುಚ್ಚುತ್ತದೆ, ಎರಡು ತಾಸು ಮೊದಲೇ ಮನೆ ಬಿಡಬೇಕು. ಇಳಿದ ಮೇಲೆ ಬ್ಯಾಗಿಗೆ ಕಾದು, ಬಜ್ಪೆಯಿಂದ ಊರೊಳಗೆ ಹೋಗಲು ಇನ್ನೊಂದು ತಾಸು. ಒಟ್ಟು ನಾಲ್ಕು.

ಇದೆಲ್ಲ ನೇರ ವಿಮಾನ ಇದ್ದರೆ ಮಾತ್ರ. ವೇಳಾಪಟ್ಟಿ ಮಾರ್ಚ್ ಕೊನೆಗೆ, ಅಕ್ಟೋಬರ್ ಕೊನೆಗೆ ಬದಲಾಗುತ್ತದೆ, ಮೊದಲು ಅದನ್ನು ನೋಡಿ. ನೇರ ಇಲ್ಲದಿದ್ದರೆ ಬೆಂಗಳೂರು ಸುತ್ತಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 371 ಕಿ.ಮೀ., ಅಲ್ಲಿಂದ ಬಜ್ಪೆಗೆ 306, ಒಟ್ಟು 677. ನೇರ ದಾರಿಯ ಎರಡೂವರೆ ಪಟ್ಟು! ನಡುವೆ ಮೂರು ತಾಸು ಕಾಯುವುದಿದ್ದರೆ ಮನೆಯಿಂದ ಮನೆಗೆ ಎಂಟು ತಾಸು ದಾಟುತ್ತದೆ. ಅಂಥ ದಿನ ನಾನಂತೂ ರಾತ್ರಿ ಬಸ್ಸನ್ನೇ ಹತ್ತುತ್ತೇನೆ, ನಿದ್ದೆಯಾದರೂ ಆಗುತ್ತದೆ, ಅರಬೈಲ್ ತಿರುವುಗಳಲ್ಲಿ ಎಚ್ಚರವಾಗದಿದ್ದರೆ.