ಊರಿನವರನ್ನೇ ಹಾಕಿಕೊಂಡು ಸಿನಿಮಾ ಮಾಡುವವರಿಗೆ

ಕಡಿಮೆ ದುಡ್ಡಲ್ಲಿ ಸಿನಿಮಾಕ್ಕೆ ಕೈ ಹಾಕುವವರು ಮೊದಲು ಕೇಳೋದೇ ಕ್ಯಾಮೆರಾ ಬಗ್ಗೆ. ಅದನ್ನು ಬಿಡಿ, ಈಗಿನ ಒಳ್ಳೆ ಫೋನೇ ಸಾಕು. ದುಡ್ಡಿದ್ದರೆ ಮೈಕಿಗೆ ಹಾಕಿ. ಚಿತ್ರ ಸ್ವಲ್ಪ ಮಂಕಾದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆಮೇಲೆ ಡಬ್ಬಿಂಗಲ್ಲಿ ಮಾತು ಸೇರಿಸಿಕೊಳ್ಳೋಣ ಅಂದುಕೊಳ್ಳಬೇಡಿ, ಹೊಸಬರಿಗೆ ಅದು ನಟನೆಗಿಂತ ಕಷ್ಟ. ಫ್ಯಾನು, ಫ್ರಿಜ್ಜು ಆಫ್ ಮಾಡಿಸಿ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ, ಅರ್ಧ ನಿಮಿಷ ಬರೀ ಆ ಜಾಗದ ಸದ್ದು ರೆಕಾರ್ಡ್ ಮಾಡಿಕೊಳ್ಳಿ. ಎಡಿಟಿಂಗಲ್ಲಿ ಮಾತಿನ ನಡುವಿನ ಖಾಲಿ ಜಾಗಕ್ಕೆ ತೇಪೆ ಹಾಕಲು ಬೇಕಾಗುತ್ತದೆ.

ಡೈಲಾಗ್ ಬಾಯಿಪಾಠ ಮಾಡಿಸಬೇಡಿ. ಶಾಲೆ ಮಕ್ಕಳು ಪದ್ಯ ಒಪ್ಪಿಸಿದ ಹಾಗಿರುತ್ತದೆ. ಸನ್ನಿವೇಶ ಮಾತ್ರ ಹೇಳಿ: "ಅಣ್ಣಾ, ಇವನು ನಿಮಗೆ ದುಡ್ಡು ಕೊಡಬೇಕು. ಆದ್ರೆ ಇವತ್ತು ಅವನ ಮನೇಲೇ ಊಟಕ್ಕೆ ಕೂತಿದ್ದೀರಿ. ಹೆಂಗೆ ಕೇಳ್ತೀರಿ?" ಮಾತು ಅವರದ್ದೇ ಬರಲಿ. ಕೈಗೊಂದು ಕೆಲಸ ಕೊಡಿ. ಅವರೆಕಾಯಿ ಸುಲಿಯುತ್ತಲೋ, ಎಲೆಗೆ ಸುಣ್ಣ ಸವರುತ್ತಲೋ ಇದ್ದವರು ಕ್ಯಾಮೆರಾ ಮರೆತೇಬಿಡುತ್ತಾರೆ. 2015ರ 'ತಿಥಿ'ಯಲ್ಲಿ ನಟಿಸಿದವರು ಮಂಡ್ಯ ಕಡೆಯ ಹಳ್ಳಿಯವರೇ, ವೃತ್ತಿ ನಟರಲ್ಲ. ಅದಕ್ಕೆ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಬಂತು, ಗೊತ್ತಲ್ವಾ?

ಸೀನ್ ಮುಗಿದ ಕೂಡಲೇ ಎಲ್ಲರ ಫೋಟೊ ತೆಗೆದಿಡಿ, ಅದೇ ಸೀನ್ ಮುಂದುವರಿಸುವಾಗ ಎಲ್ಲರೂ ಹಾಗೇ ಕಾಣಬೇಕಲ್ಲ. ಮುಂದಿನ ವಾರ ಯಾರಾದರೊಬ್ಬರು ನುಣ್ಣಗೆ ಶೇವ್ ಮಾಡಿಕೊಂಡು ಬಂದೇ ಬರುತ್ತಾರೆ! ನಾಟಿ, ಕೊಯ್ಲು, ಜಾತ್ರೆ ನೋಡಿಕೊಂಡು ಶೂಟಿಂಗ್ ದಿನ ಇಟ್ಟುಕೊಳ್ಳಿ. ಒಪ್ಪಿಗೆ ಪತ್ರಕ್ಕೆ ಮೊದಲ ದಿನವೇ ಸಹಿ ಹಾಕಿಸಿ. ಸಂಭಾವನೆ ಕೊಡಲು ಆಗದಿದ್ದರೂ, ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿಯನ್ನು ಸಂಜೆಯೇ ಕೈಗೆ ಕೊಟ್ಟು ಕಳಿಸಿ.